ನಾಲ್ಕು ಖಾನೆಯ ಪೆಟ್ಟಿಗೆ

ಶನಿವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಮೂರನೇ ಹಾರ್ಡ್‌ಡಿಸ್ಕ್ ಬಡಿದುಕೊಳ್ಳತೊಡಗಿತು. ಕಾಫಿ ಲೋಟ ಹಿಡಿದು ಕೋಣೆಗೆ ಮರಳಿದ ಮಾವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಟಕ್, ಟಕ್, ಸ್ವಲ್ಪ ತಡೆದು ಕಿರ್ರ್, ಮತ್ತೆ ಟಕ್. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೇಜಿನ ಮೇಲಿದ್ದ ಡಿಸ್ಕುಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟಿ ನೋಡಿದರು. ಮೂರನೆಯದು ಪ್ರತಿ ಟಕ್‌ಗೂ ಅಂಗೈ ಕೆಳಗೆ ಅದುರುತ್ತಿತ್ತು. ಅವರು ಅದರ ಪ್ಲಗ್ ಕಿತ್ತರು. ಸದ್ದು ನಿಂತಿತು.

ಆ ಮೇಜಿನ ಮೇಲೆ ಐದು ಡಿಸ್ಕುಗಳಿದ್ದವು. ಐದಕ್ಕೂ ಬೇರೆ ಬೇರೆ ಕಂಪನಿ, ಬೇರೆ ಬೇರೆ ಅಡಾಪ್ಟರ್, ಬೇರೆ ಬೇರೆ ವೈರು. ಎಲ್ಲವೂ ಹೋಗಿ ಸೇರುತ್ತಿದ್ದುದು ಕುರ್ಚಿಯ ಕೆಳಗಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ. ಯಾವ ವೈರು ಯಾವುದರದ್ದು ಎಂದು ಗೊತ್ತಿದ್ದವರು ಮಾವ ಒಬ್ಬರೇ. ಎರಡು ದಿನದ ಹಿಂದೆ ಅತ್ತೆ ಮೇಜು ಒರೆಸಿ ಅವನ್ನೆಲ್ಲ ಜೋಡಿಸಿದ್ದರು. ಈ ಕಡೆ ಎರಡು, ಆ ಕಡೆ ಎರಡು; ಜಾಗ ಸಾಲದೆ ಮೂರನೆಯದನ್ನು ನಡುವೆ ಸ್ವಲ್ಪ ಎತ್ತರಕ್ಕೆ, ಪಂದ್ಯ ಗೆದ್ದವರನ್ನು ಮೆಟ್ಟಿಲ ಮೇಲೆ ನಿಲ್ಲಿಸುವ ಹಾಗೆ.

ಬಾನುಲಿ ನಾಟಕಗಳಿಗೆ ಸದ್ದು ಒದಗಿಸುವುದು ಮಾವನ ಕಸುಬು. ಬಾಗಿಲು ತೆರೆಯುವ ಸದ್ದು, ಬೀಗ ಮುರಿಯುವ ಸದ್ದು, ಹಡಗು ದಡ ಬಿಡುವ ಸದ್ದು. ಒದ್ದೆ ಚರ್ಮದ ಚೀಲವನ್ನು ಹಿಂಡಿ ಅವರು ಹಡಗಿನ ಹಗ್ಗ ಮಾಡುತ್ತಿದ್ದರು. ಆದರೆ ನಿಜವಾದ ಸದ್ದು ಸಿಕ್ಕರೆ ಬಿಡುತ್ತಿರಲಿಲ್ಲ. ಕೆಟ್ಟ ಫ್ರಿಜ್ಜು, ಹಲ್ಲಿನ ವೈದ್ಯರ ಡ್ರಿಲ್ಲು, ಮದುವೆಯಲ್ಲಿ ಜಗಳವಾಡಿದ ಇಬ್ಬರು ಬೀಗರು, ಯಾರನ್ನೂ ಬಿಟ್ಟವರಲ್ಲ. ಬಾನುಲಿಯ ಕೆಲಸದಿಂದ ನಿವೃತ್ತರಾದ ಮೇಲೂ ನಾಟಕದವರು ಫೋನು ಮಾಡುತ್ತಲೇ ಇದ್ದರು. ಅವರೆಲ್ಲ ಮಾವನನ್ನು ಕರೆಯುತ್ತಿದ್ದುದು ಕಿವಿಯಣ್ಣ ಎಂದು.

ಸೊಸೆ ಬಟ್ಟೆ ಒಣಹಾಕುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದ ಅವಳಿಗೆ ಶನಿವಾರ ರಜೆ. ಮಾವ ಬಂದು ಬಾಗಿಲಲ್ಲಿ ನಿಂತ ರೀತಿ ನೋಡಿಯೇ ಅವಳು ಕ್ಲಿಪ್ಪಿನ ಡಬ್ಬಿ ಕೆಳಗಿಟ್ಟಳು.

"ಯಾವುದು ಮಾವ?"

"ಮೂರನೇದು. ಬಡ್ಕೋತಿದೆ."

"ಅದರಲ್ಲಿ ಏನಿತ್ತು?" ಎಂದು ಅಡುಗೆಮನೆಯಿಂದಲೇ ಅತ್ತೆ ಕೇಳಿದರು.

ಮಾವ ಕೋಣೆಯ ಕಡೆ ತಿರುಗಿ ನೋಡಿದರು.

"ಏನ್ರೀ, ಕೇಳಿಸ್ತಾ? ಜನ ಎಲ್ಲ ಕಿವಿಯಣ್ಣ ಕಿವಿಯಣ್ಣ ಅಂತಾರೆ, ಮನೇಲಿ ಮಾತ್ರ ಎರಡ್ಸಲ ಕೇಳ್ಬೇಕು."

"ಅದರಲ್ಲಿ ನೀನಿದ್ದೆ," ಎಂದರು ಮಾವ.

ಸದ್ದು ಮಾಡುವುದರಲ್ಲಿ ಮಾವನಿಗೆ ಬಾರದ ಕೆಲಸ ಒಂದಿತ್ತು, ನಡೆಯುವುದು. ಅವರು ಹೇಗೆ ನಡೆದರೂ ಪೋಸ್ಟ್‌ಮ್ಯಾನ್ ನಡೆದಂತೆ ಕೇಳುತ್ತಿತ್ತು. ಹಾಗಾಗಿ ಮದುವೆಯಾದ ವರ್ಷದಿಂದಲೇ ಅತ್ತೆ ಅವರ ನಾಟಕಗಳಲ್ಲಿ ನಡೆಯತೊಡಗಿದರು. ರಾಣಿಯಾಗಿ ನಡೆದರು, ದಾದಿಯಾಗಿ ನಡೆದರು, ಕಳ್ಳಿಯಾಗಿ, ಶಾಲೆಗೆ ತಡವಾದ ಮೇಷ್ಟರ ಹೆಂಡತಿಯಾಗಿ, ಒಮ್ಮೆ ಹೆಣವನ್ನು ಎಳೆದೊಯ್ಯುವ ಇಬ್ಬರು ಗಂಡಸರಾಗಿಯೂ ನಡೆದರು. ಕೇಳುಗರಿಗೆ ಅವರ ಹೆಸರು ಗೊತ್ತಿರಲಿಲ್ಲ, ಹೆಜ್ಜೆ ಗೊತ್ತಿತ್ತು. ಬಲಮಂಡಿಯ ಶಸ್ತ್ರಚಿಕಿತ್ಸೆ ಆದ ಮೇಲೆ ಅದು ನಿಂತಿತು. ನಡೆಯಲು ಈಗ ಏನೂ ತೊಂದರೆಯಿಲ್ಲ. ಆದರೆ ಬಲಗಾಲು ಎಡಗಾಲಿಗಿಂತ ಒಂದು ಚೂರು ತಡವಾಗಿ ನೆಲಕ್ಕೆ ಇಳಿಯುತ್ತದೆ. ಬೇರೆಯವರಿಗೆ ತಿಳಿಯದು. ಮಾವನಿಗೆ ತಿಳಿಯುತ್ತದೆ. ಅಂದಿನಿಂದ ಅವರು ಹೆಂಡತಿಯ ಮುಂದೆ ಮೈಕ್ ಹಿಡಿದಿರಲಿಲ್ಲ.

ಮಂಡಿಗೆ ಮುಂಚಿನ ಆ ನಡಿಗೆಯೆಲ್ಲ ಇದ್ದುದು ಮೂರನೇ ಡಿಸ್ಕಿನಲ್ಲಿ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಹೊಸ ಬಾನುಲಿ ಧಾರಾವಾಹಿಯ ನಿರ್ದೇಶಕಿ, ಮರದ ಮೆಟ್ಟಿಲ ಮೇಲೆ ನಡೆಯುವ ಹೆಂಗಸಿನ ಹೆಜ್ಜೆ ಬುಧವಾರದೊಳಗೆ ಬೇಕು ಎಂದಿದ್ದರು. ಅದನ್ನು ಹುಡುಕಲೆಂದೇ ಮಾವ ಬೆಳಿಗ್ಗೆ ನಡಿಗೆಗಳನ್ನು ಸಾಲಾಗಿ ಹಾಕಿ, ಕೇಳುತ್ತಾ ಕೇಳುತ್ತಾ ಕಾಫಿಗೆಂದು ಎದ್ದುಹೋಗಿದ್ದರು.

"ಅಯ್ಯೋ ಅಷ್ಟೇ ತಾನೇ," ಎಂದರು ಅತ್ತೆ, ಕೈ ಒರೆಸಿಕೊಳ್ಳುತ್ತಾ ಬಂದು. "ನಾನೇ ಇದೀನಲ್ಲ. ಇನ್ನೊಂದ್ಸಲ ನಡೆದ್ರಾಯ್ತು."

"ಅದು ಬೇರೆ ನಡಿಗೆ ಕಣೇ."

"ಮಂಡಿ ಹೊಸದು. ನಡೆಯೋಳು ಹಳಬಳೇ."

ಮಾವ ಕಿಟಕಿಯ ಕಡೆ ನೋಡಿದರು. ಅತ್ತೆ ಸೊಸೆಯ ಕಡೆ ನೋಡಿದರು. ಇದು ಡಿಸ್ಕಿನ ಮಾತಷ್ಟೇ ಅಲ್ಲ ಎಂದು ಸೊಸೆಗೆ ಗೊತ್ತಾಯಿತು. ಆದರೆ ಸದ್ಯಕ್ಕೆ ಅವಳ ಕೈಯಲ್ಲಿದ್ದುದು ಡಿಸ್ಕು ಮಾತ್ರ.

"ಮಾವ, ಅದನ್ನ ಈಗ ಮತ್ತೆ ಹಾಕ್ಬೇಡಿ," ಎಂದಳು. "ಸಾಯೋ ಡಿಸ್ಕು ಇನ್ನೆಷ್ಟು ಸಲ ಏಳುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಒಂದೇ ಸಲ ಅಂತ ಇಟ್ಕೊಳ್ಳಿ. ಅದು ಏಳೋ ಹೊತ್ತಿಗೆ ಇಳಿಸಿಕೊಳ್ಳೋಕೆ ಜಾಗ ರೆಡಿ ಇರ್ಬೇಕು."

"ಹಾಗಾದ್ರೆ ಇನ್ನೊಂದು ಡಿಸ್ಕ್ ತಂದ್ಬಿಡೋಣ."

"ಆರನೇದಾ?" ಎಂದರು ಅತ್ತೆ. "ಆರನೇ ಪ್ಲಗ್ ಎಲ್ಲಿ ಚುಚ್ತೀರಿ, ನನ್ನ ಮೂಗಿಗಾ?"

ಒಳಕೋಣೆಯ ಬಾಗಿಲು ತೆರೆದು ಮಗ ತಲೆ ಹೊರಗೆ ಹಾಕಿದ. ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವ ವಿಭಾಗದಲ್ಲಿ ಅವನಿಗೆ ಆ ವಾರ ರಾತ್ರಿ ಪಾಳಿ. "ಏನಾಯ್ತು?" ಎಂದು ಕೇಳಿದ. "ಏನಿಲ್ಲ, ಮಲ್ಕೋ," ಎಂದು ಮೂವರೂ ಒಟ್ಟಿಗೆ ಹೇಳಿದರು. ಅವನು ಬಾಗಿಲು ಹಾಕಿಕೊಂಡ.

ಬೇಕಾದದ್ದು ಇನ್ನೊಂದು ಡಿಸ್ಕಲ್ಲ, ಹಲವು ಡಿಸ್ಕುಗಳನ್ನು ಒಟ್ಟಿಗೆ ಕೂರಿಸುವ ಪೆಟ್ಟಿಗೆ ಎಂದು ಸೊಸೆ ವಿವರಿಸಿದಳು. ಖಾನೆಗಳಿರುತ್ತವೆ, ಪ್ರತಿ ಖಾನೆಗೂ ಒಂದು ಡಿಸ್ಕು. ಗೋಡೆಗೆ ಒಂದೇ ಪ್ಲಗ್, ಕಂಪ್ಯೂಟರಿಗೆ ಒಂದೇ ವೈರು. ಒಂದೇ ಪ್ಲಗ್ ಎಂದದ್ದೇ ಅತ್ತೆಯ ಮತ ಅದಕ್ಕೆ ಬಿತ್ತು.

"ಫ್ಯಾನ್ ಇರುತ್ತಾ ಅದಕ್ಕೆ?" ಎಂದು ಮಾವ ಕೇಳಿದರು.

"ಇರುತ್ತೆ ಅನ್ಸುತ್ತೆ."

"ಮೈಕ್ ಇರೋದೂ ಇದೇ ರೂಮಲ್ಲಿ. ರಾಣಿ ಅಂತಃಪುರದಲ್ಲಿ ಒಬ್ಬಳೇ ಅಳ್ತಿರ್ತಾಳೆ, ಹಿಂದೆ ಗುಯ್ ಅಂತ ಫ್ಯಾನ್ ತಿರುಗ್ತಿದ್ರೆ ಏನು ಚೆನ್ನ?"

"ಸೆಕೆ ಮಾವ. ರಾಣಿಗೂ ಆಗುತ್ತೆ."

ಮಾವ ನಗಲಿಲ್ಲ. ಹೆಡ್‌ಫೋನು, ಪುಟ್ಟ ರೆಕಾರ್ಡರು, ಒಂದು ಮೈಕು ಇಷ್ಟನ್ನು ಚೀಲಕ್ಕೆ ಹಾಕಿಕೊಂಡರು.

ಕಂಪ್ಯೂಟರ್ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಇತ್ತು. ಅಂಗಡಿಯವನು ಗಿರಾಕಿಗಳನ್ನು ನೆನಪಿಟ್ಟುಕೊಳ್ಳುತ್ತಿದ್ದುದು ಅವರು ತಂದ ತೊಂದರೆಯಿಂದ.

"ಬನ್ನಿ ಬನ್ನಿ, ಕೀಬೋರ್ಡ್ ಮೇಲೆ ಕೆಮ್ಮಿನ ಸಿರಪ್!" ಎಂದು ಸೊಸೆಯನ್ನು ಸ್ವಾಗತಿಸಿದ. "ಈ ಸಲ ಏನು ಚೆಲ್ಲಿದ್ರಿ ಮೇಡಂ?"

"ಏನೂ ಚೆಲ್ಲಿಲ್ಲ. ಚೆಲ್ಲೋಕೆ ಮುಂಚೆ ಬಂದಿದೀವಿ."

ಅವನು ಮೂರು ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟ. ಎರಡು ಖಾನೆಯದು, ಐದು ಖಾನೆಯದು, ನಾಲ್ಕು ಖಾನೆಯದು. ಮಾವ ಹೆಡ್‌ಫೋನು ಕಿವಿಗೇರಿಸಿ, ಮೈಕನ್ನು ಎರಡು ಖಾನೆಯದರ ಮುಂದೆ ಹಿಡಿದರು. ಹಿಡಿದು, ಚಾವಣಿಯ ಕಡೆ ನೋಡಿದರು.

"ಆ ಏಸಿ ಸ್ವಲ್ಪ ಆರಿಸ್ತೀರಾ?"

ಅಂಗಡಿಯವನು ಆರಿಸಿದ.

"ಆ ಕೂಲ್‌ಡ್ರಿಂಕ್ಸ್ ಫ್ರಿಜ್ಜು?"

"ಸಾರ್, ಅದು ನಂದಲ್ಲ, ಎದುರಿನ ಬೇಕರಿಯವರ್ದು. ಜಾಗ ಇಲ್ಲ ಅಂತ ಇಲ್ಲಿಟ್ಟಿದಾರೆ."

"ಐದೇ ನಿಮಿಷ. ಜ್ಯೂಸ್ ಏನೂ ಕೆಡಲ್ಲ."

ಫ್ರಿಜ್ಜೂ ಆರಿತು. ಆ ಹೊತ್ತಿಗೆ ಮೌಸ್ ಕೊಳ್ಳಲು ಬಂದ ಹೆಂಗಸೊಬ್ಬರು ಅದನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಮಾವ ಅವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಆಕೆ ಮೌಸನ್ನು ಮಗುವಿನ ಹಾಗೆ ಮೆಲ್ಲಗೆ ಕೆಳಗೆ ಮಲಗಿಸಿದರು. ಅಂಗಡಿಯಲ್ಲಿ ಯಾರೂ ಉಸಿರಾಡಲಿಲ್ಲ.

"ಇದಕ್ಕೆ ಫ್ಯಾನೇ ಇಲ್ಲ," ಎಂದರು ಮಾವ ಕೊನೆಗೆ, ಎರಡು ಖಾನೆಯದನ್ನು ತೋರಿಸಿ. "ಚಿನ್ನದಂಥ ಪೆಟ್ಟಿಗೆ."

ಸೊಸೆ ಅದರ ಬೆನ್ನು ಮುಟ್ಟಿ ನೋಡಿದಳು. ಗಿರಾಕಿಗಳಿಗೆ ತೋರಿಸಲೆಂದು ಬೆಳಿಗ್ಗೆಯಿಂದ ಚಾಲೂ ಇಟ್ಟಿದ್ದ ಅದು ಇಸ್ತ್ರಿಪೆಟ್ಟಿಗೆಯಷ್ಟಲ್ಲದಿದ್ದರೂ ಬಿಸಿಯಾಗಿತ್ತು. "ಇದರಲ್ಲಿ ಡಿಸ್ಕ್ ಬೇಯುತ್ತೆ ಮಾವ. ಅಲ್ದೆ ಎರಡೇ ಖಾನೆ. ಮುಂದಿನ ವರ್ಷ ಇನ್ನೊಂದು ಪೆಟ್ಟಿಗೆ, ಇನ್ನೊಂದು ಪ್ಲಗ್. ಅತ್ತೆ ಮೂಗು ನೆನಪಿರಲಿ."

ಐದು ಖಾನೆಯದನ್ನು ಹಾಕಿದ ಕೂಡಲೇ ಮಾವ ಹೆಡ್‌ಫೋನು ಕಿತ್ತುಹಾಕಿದರು. "ಇದು ಪೆಟ್ಟಿಗೆಯಲ್ಲ, ಹಿಟ್ಟಿನ ಗಿರಣಿ."

"ವೇಗ ಜಾಸ್ತಿ ಸಾರ್ ಇದಕ್ಕೆ."

"ಹಿಟ್ಟೂ ನುಣ್ಣಗೆ ಬರುತ್ತೇನೋ."

ಉಳಿದದ್ದು ನಾಲ್ಕು ಖಾನೆಯದು. ಅದರ ಹಿಂದೆ ಅಂಗೈ ಅಗಲದ ಒಂದೇ ಫ್ಯಾನಿತ್ತು. ಫ್ಯಾನು ದೊಡ್ಡದಾದ್ದರಿಂದ ನಿಧಾನವಾಗಿ ತಿರುಗಿದರೂ ಸಾಕಾಗುತ್ತಿತ್ತು. ಮಾವ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಒಮ್ಮೆ ಹತ್ತಿರದಿಂದ, ಒಮ್ಮೆ ಬಾಗಿಲ ಬಳಿ ಹೋಗಿ.

"ಇದು ಸದ್ದಲ್ಲ, ಗಾಳಿ," ಎಂದರು. "ಮೇಜಿನ ಕೆಳಗಿಟ್ರೆ ರಾಣಿಗೆ ಗೊತ್ತಾಗಲ್ಲ."

ಅಂಗಡಿಯವನು ಹುರುಪಿನಿಂದ ಪೆಟ್ಟಿಗೆಯನ್ನು ತಿರುಗಿಸಿ ಬೆನ್ನಿನ ಪುಟ್ಟ ಸ್ವಿಚ್ಚುಗಳನ್ನು ತೋರಿಸಿದ. "ಇಲ್ನೋಡಿ, ಇದರ ಮಜಾನೇ ಇದು. ಇದನ್ನ ಹೀಗೆ ಮಾಡಿದ್ರೆ ನಾಲ್ಕೂ ಡಿಸ್ಕು ಸೇರಿ ಒಂದೇ ದೊಡ್ಡ ಡಿಸ್ಕ್ ಆಗುತ್ತೆ. ವೇಗ ಅಂದ್ರೆ ವೇಗ. ಎಲ್ರೂ ಹೀಗೇ ಮಾಡಿಸ್ಕೋತಾರೆ."

"ಅದರಲ್ಲಿ ಒಂದು ಸತ್ರೆ?" ಎಂದಳು ಸೊಸೆ.

"ಒಂದು ಸತ್ರೆ..." ಅಂಗಡಿಯವನು ಕಿವಿ ಕೆರೆದುಕೊಂಡ. "ನಾಲ್ಕೂ ಹೋಗುತ್ತೆ. ಆದ್ರೆ ಯಾಕೆ ಸಾಯುತ್ತೆ ಮೇಡಂ, ಒಳ್ಳೇದು ಮಾತಾಡಿ."

"ನಾವು ಬಂದಿರೋದೇ ಒಂದು ಸಾಯ್ತಿದೆ ಅಂತ. ನಾಲ್ಕು ಜನರ ಔಷಧಿ ಒಂದೇ ಬಾಟ್ಲಿಗೆ ಸುರಿದ ಹಾಗಾಯ್ತು ಇದು."

"ಸರಿ, ಹಾಗಾದ್ರೆ ಮಿರರ್. ಒಂದ್ರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದ್ರಲ್ಲೂ ಬೀಳುತ್ತೆ. ಒಂದು ಸತ್ರೂ ಇನ್ನೊಂದಿರುತ್ತೆ."

"ಒಂದ್ರಲ್ಲಿ ಮಾವ ತಪ್ಪಿ ಅಳಿಸಿದ್ರೆ?"

"ಇನ್ನೊಂದ್ರಲ್ಲೂ ಅಳಿಸಿಹೋಗುತ್ತೆ. ಮಿರರ್ ಅಲ್ವಾ."

"ನಾನು ಅಳಿಸಲ್ಲ," ಎಂದರು ಮಾವ.

"ಹೋದ ವರ್ಷ ಸಿಡಿಲು?" ಎಂದಳು ಸೊಸೆ.

ಮಾವ ಮೌಸ್ ಹೆಂಗಸಿನ ಕಡೆ ತಿರುಗಿ, ಈಗ ಒತ್ತಿ ನೋಡಬಹುದೆಂದು ಸನ್ನೆ ಮಾಡಿದರು. ಹೋದ ವರ್ಷ ಒಂದು ಒಳ್ಳೆಯ ಸಿಡಿಲನ್ನು ಅವರು ತಮ್ಮ ಕೈಯಾರೆ ಅಳಿಸಿ, ಮುಂದಿನ ಮಳೆಗಾಲದವರೆಗೆ ಕಾದಿದ್ದರು.

ಸೊಸೆ ಕೇಳಿದ್ದು ಬೇರೆ. ಖಾನೆಯಲ್ಲಿ ಕೂತ ಪ್ರತಿ ಡಿಸ್ಕೂ ತನ್ನಷ್ಟಕ್ಕೆ ತಾನು ನಿಲ್ಲಬೇಕು. ಪೆಟ್ಟಿಗೆ ಕೆಟ್ಟರೂ ಡಿಸ್ಕನ್ನು ಹೊರಗೆಳೆದು ಬೇರೆ ಪೆಟ್ಟಿಗೆಗೆ ಹಾಕಿ ಓದುವಂತಿರಬೇಕು. ಮೊದಲನೇ ಡಿಸ್ಕಿನದನ್ನು ಎರಡನೆಯದಕ್ಕೆ ದಿನಕ್ಕೊಮ್ಮೆ ಕಂಪ್ಯೂಟರೇ ನಕಲು ಮಾಡಬೇಕು, ಆದರೆ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿ ಕೂಡಲೇ ಅಳಿಯಬಾರದು. ಕರೆಂಟು ಹೋಗಿ ಬಂದರೆ ಪೆಟ್ಟಿಗೆ ಯಾರೂ ಗುಂಡಿ ಒತ್ತದೆ ಏಳಬೇಕು. ಕೊನೆಯದನ್ನು ಅಂಗಡಿಯವನು ಅಲ್ಲೇ ಪ್ಲಗ್ ಕಿತ್ತು, ಮತ್ತೆ ಹಾಕಿ ತೋರಿಸಿದ. ಪೆಟ್ಟಿಗೆ ತಾನೇ ಎದ್ದಿತು.

"ಹಾಗಾದ್ರೆ ಎರಡು ಹೊಸ ಡಿಸ್ಕು ತಗೊಳ್ಳಿ," ಎಂದ ಅಂಗಡಿಯವನು. "ಉಳಿದೆರಡು ಖಾನೆಗೆ ನಿಮ್ಮ ಹಳೇ ಡಿಸ್ಕೇ ಕೂರಿಸಿ, ಸ್ವಿಚ್ ಹೀಗೆ ತಿರುಗಿಸಿಬಿಡಿ, ಆಯ್ತು."

ಸೊಸೆ ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ಕಾಗದ ಬಿಡಿಸಿದ್ದಳು. ಮಾತ್ರೆಯ ಡಬ್ಬಿಯೊಳಗಿನ ಮಡಿಕೆ ಕಾಗದವನ್ನು ಓದುವುದೇ ಅವಳ ಉದ್ಯೋಗ. ಇದು ಅದಕ್ಕಿಂತ ದಪ್ಪ ಅಕ್ಷರದಲ್ಲಿತ್ತು. ಒಂದು ಸಾಲಿನ ಮೇಲೆ ಬೆರಳಿಟ್ಟು ಅವನತ್ತ ತಿರುಗಿಸಿದಳು. ಸ್ವಿಚ್ಚು ಬದಲಿಸಿದರೆ ಡಿಸ್ಕುಗಳಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಅದರಲ್ಲಿತ್ತು.

ಅಂಗಡಿಯವನು ಓದಿ, ಮತ್ತೊಮ್ಮೆ ಓದಿದ. "ಅಬ್ಬಾ," ಎಂದ. "ಹೋದ ವಾರ ಒಬ್ರು ತಗೊಂಡೋದ್ರಲ್ಲ, ಡಾನ್ಸ್ ವಿಡಿಯೋ ಅಂಕಲ್. ಒಂದು ಫೋನ್ ಮಾಡ್ಬಿಡ್ತೀನಿ, ತಾಳಿ." ಅವನು ಫೋನು ಮಾಡಿದ. ಡಾನ್ಸ್ ವಿಡಿಯೋ ಅಂಕಲ್ ಇನ್ನೂ ಪೆಟ್ಟಿಗೆಯನ್ನೇ ಬಿಚ್ಚಿರಲಿಲ್ಲ. ಅಂಗಡಿಯವನು ಆ ಸಂತೋಷಕ್ಕೆ ಫ್ರಿಜ್ಜಿನಿಂದ ಎಲ್ಲರಿಗೂ ಜ್ಯೂಸು ತೆಗೆದುಕೊಟ್ಟ, ಮೌಸ್ ಹೆಂಗಸಿಗೂ. ಫ್ರಿಜ್ಜು ಇನ್ನೂ ಆರಿಯೇ ಇತ್ತು.

ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಮಾವ ಊಟ ಬೇಡವೆಂದರು. ಸೊಸೆ ಎರಡು ಹೊಸ ಡಿಸ್ಕುಗಳನ್ನು ಖಾನೆಗೆ ತಳ್ಳಿದಳು. ಸ್ಕ್ರೂ ಬೇಕಾಗಲಿಲ್ಲ, ಅಲ್ಮೆರಾದ ಡ್ರಾಯರಿನ ಹಾಗೆ ಹೋಗಿ ಕೂತವು. ಪೆಟ್ಟಿಗೆಯನ್ನು ಮೇಜಿನ ಕೆಳಗಿಟ್ಟು, ಫ್ಯಾನು ಗೋಡೆಗೆ ಅಂಟದಂತೆ ಒಂದು ಗೇಣು ಮುಂದಕ್ಕೆಳೆದಳು. ಕಂಪ್ಯೂಟರಿನಲ್ಲಿ ಎರಡು ಹೊಸ ಡಿಸ್ಕುಗಳು ಬೇರೆ ಬೇರೆಯಾಗಿ ಕಾಣಿಸಿದವು.

"ಈಗ ಮಾವ," ಎಂದಳು.

ಮಾವ ಮೂರನೇ ಡಿಸ್ಕಿನ ಪ್ಲಗ್ ಹಿಡಿದು ಬಗ್ಗಿದರು. ಬಗ್ಗಿದವರು ಹಾಗೇ ಇದ್ದರು. ಅತ್ತೆ ಬಂದು, ಅವರ ಕೈಯಿಂದ ಪ್ಲಗ್ ತೆಗೆದುಕೊಂಡು, ತಾವೇ ಚುಚ್ಚಿದರು.

ಡಿಸ್ಕು ಎದ್ದಿತು. ಟಕ್ ಇಲ್ಲ, ಕಿರ್ರ್ ಇಲ್ಲ. ಎಂದಿನ ಹಾಗೆ ಸುಯ್ಯೆಂದು ತಿರುಗಿತು. ನಕಲು ಆರಂಭವಾಯಿತು.

"ಬೆಳಿಗ್ಗೆ ಅಷ್ಟು ಬಡ್ಕೋತಿತ್ತು," ಎಂದರು ಮಾವ, ನಂಬಲಾಗದೆ.

"ಸುಮ್ನಿರಿ, ದೃಷ್ಟಿ ಹಾಕ್ಬೇಡಿ ಅದಕ್ಕೆ," ಎಂದರು ಅತ್ತೆ.

ಕೆಟ್ಟ ಡಿಸ್ಕು ತಣ್ಣಗಾದ ಮೇಲೆ ಒಂದಷ್ಟು ಹೊತ್ತು ಸರಿಯಾಗಿ ನಡೆಯುವುದುಂಟು ಎಂದು ಅಂಗಡಿಯವನು ಹೇಳಿದ್ದ. ಸೊಸೆ ಅದನ್ನೇ ಹೇಳಿ ಎಲ್ಲರನ್ನೂ ಊಟಕ್ಕೆಬ್ಬಿಸಿದಳು. ಮಾವ ತಟ್ಟೆಯನ್ನು ಮೇಜಿನ ಬಳಿಗೇ ತಂದುಕೊಂಡು, ಪರದೆಯ ಮೇಲಿನ ಹಸಿರು ಪಟ್ಟಿ ಬೆಳೆಯುವುದನ್ನು ನೋಡುತ್ತಾ ಉಂಡರು. ಏನು ಉಂಡಿರಿ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಪಟ್ಟಿ ತುಂಬಿತು. ಸೊಸೆ ಮೂರನೇ ಡಿಸ್ಕನ್ನು ಕ್ರಮವಾಗಿ ಆರಿಸಿ, ಪ್ಲಗ್ ಕಿತ್ತು, ವೈರನ್ನು ಸುರುಳಿ ಸುತ್ತತೊಡಗಿದಳು.

ಮಾವ ಕುರ್ಚಿಗೆ ಒರಗಿ ಉಸಿರು ಬಿಟ್ಟರು. "ಮುಗೀತಲ್ಲ."

"ಎಲ್ಲಿ ಮುಗೀತು? ಕೇಳಿ ನೋಡ್ಬೇಕು. ತೆರೆದು ನೋಡದ ನಕಲು ನಕಲೇ ಅಲ್ಲ. ಹೊಸ ಪೆಟ್ಟಿಗೆಯಿಂದ ಹಾಕಿ."

ಮಾವ ಹಾಕಿದರು. ಕೋಣೆಯಲ್ಲಿ ಹೆಜ್ಜೆ ಕೇಳಿಸಿತು. ಜಲ್ಲಿಕಲ್ಲಿನ ಮೇಲೆ ಬೇಗ ಬೇಗ ನಡೆಯುವ ಒಬ್ಬ ಹುಡುಗಿ. ಆಮೇಲೆ ಒದ್ದೆ ನೆಲದ ಮೇಲೆ ಬರಿಗಾಲು. ಆಮೇಲೆ ಮರದ ಮೆಟ್ಟಿಲು, ಹಗುರವಾಗಿ, ಎರಡೂ ಕಾಲು ಒಂದೇ ಅಳತೆಗೆ. ಅತ್ತೆ ಬಾಗಿಲಿಗೆ ಒರಗಿ ಕೇಳುತ್ತಿದ್ದರು.

"ಎಷ್ಟು ಜಂಭದಲ್ಲಿ ನಡೀತಿದ್ದೆ ನೋಡು," ಎಂದರು ಸೊಸೆಗೆ.

ಮಾವ ಕಣ್ಣುಮುಚ್ಚಿ ಕುಳಿತಿದ್ದರು. ಮೆಟ್ಟಿಲು ಮುಗಿಯಿತು. ಒಂದು ಕ್ಷಣ ಸುಮ್ಮನಾಯಿತು.

ಟಕ್. ಟಕ್. ಕಿರ್ರ್. ಟಕ್.

ಮಾವ ಕುರ್ಚಿಯಿಂದ ಎದ್ದ ರಭಸಕ್ಕೆ ಅದು ಹಿಂದಕ್ಕೆ ಬಿತ್ತು. "ಹೊಸದೂ ಹೋಯ್ತು!" ಎನ್ನುತ್ತಾ ಮೇಜಿನ ಕೆಳಗೆ ನುಗ್ಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಪೆಟ್ಟಿಗೆ ಅದುರುತ್ತಿರಲಿಲ್ಲ. ಹೊರಬಂದು ಮೊದಲನೇ ಡಿಸ್ಕು ಮುಟ್ಟಿದರು, ಎರಡನೆಯದು ಮುಟ್ಟಿದರು, ಮೂರನೆಯದರ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಅದು ಪ್ರತಿ ಟಕ್‌ಗೂ ಅದುರುತ್ತಿತ್ತು.

"ಮೂರನೇದೇ! ಕೀಳು ಪ್ಲಗ್ನ, ಬೇಗ!"

ಸೊಸೆ ಅಲುಗಾಡಲಿಲ್ಲ. ಕೈಯಲ್ಲಿದ್ದುದನ್ನು ಮೇಲೆತ್ತಿ ತೋರಿಸಿದಳು. ಮೂರನೇ ಡಿಸ್ಕಿನ ಪ್ಲಗ್, ಅಡಾಪ್ಟರ್, ಸುರುಳಿ ಸುತ್ತಿದ ವೈರು, ಎಲ್ಲವೂ ಅವಳ ಕೈಯಲ್ಲೇ ಇದ್ದವು.

ಟಕ್, ಎಂದಿತು ಕರೆಂಟಿಲ್ಲದ ಡಿಸ್ಕು.

ಒಳಕೋಣೆಯ ಬಾಗಿಲು ತೆರೆದು ಮಗ ತಲೆ ಹಾಕಿದ. ಈ ಸಲ ಯಾರೂ ಅವನಿಗೆ ಮಲಗೆನ್ನಲಿಲ್ಲ.

ಮುಂದೆ ಬಂದವರು ಅತ್ತೆ. ಮೂರನೇ ಡಿಸ್ಕನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಅದರ ಕೆಳಗೆ, ಅವರೇ ಹೊಲಿದ ಬೂದುಬಣ್ಣದ ಬಟ್ಟೆಯ ಮುಸುಕಿನಲ್ಲಿ, ಮಾವನ ಸ್ಪೀಕರು ಅಂಗಾತ ಮಲಗಿತ್ತು. ಟಕ್, ಟಕ್, ಎಂದು ಅದು ಈಗ ಮತ್ತಷ್ಟು ಸ್ಪಷ್ಟವಾಗಿ ಹೇಳಿತು.

"ಮೊನ್ನೆ ಒರೆಸೋವಾಗ ನಾನೇ ಇಟ್ಟಿದ್ದು," ಎಂದರು ಅತ್ತೆ. "ಎತ್ತರಕ್ಕೆ ಚೆನ್ನಾಗಿ ಕೂತ್ಕೊಳ್ತು."

ಸೊಸೆ ಪರದೆಯ ಮೇಲೆ ನೋಡಿದಳು. ನಡಿಗೆಗಳ ಕಡತ ಮುಗಿದು ಪ್ಲೇಯರು ತಾನೇ ಮುಂದಿನ ಕಡತಕ್ಕೆ ಹೋಗಿತ್ತು. ಅದರ ಹೆಸರು 'ಪತ್ತೇದಾರಿ, ಕಚೇರಿ ದೃಶ್ಯ' ಎಂದಿತ್ತು. ಬೆಳಿಗ್ಗೆ ಆದದ್ದೂ ಅದೇ. ಮಾವ ಕಾಫಿಗೆ ಹೋದಾಗ ನಡಿಗೆ ಮುಗಿದು ಇದು ಶುರುವಾಗಿತ್ತು. ಕಡತ ಇದ್ದುದು ಮೂರನೇ ಡಿಸ್ಕಿನಲ್ಲೇ. ಅದರ ಪ್ಲಗ್ ಕಿತ್ತಾಗ ಸದ್ದು ನಿಲ್ಲದೆ ಇನ್ನೇನು ಮಾಡೀತು?

"ಮಾವ, ಇದೇನು ಸದ್ದು?"

ಮಾವ ಬಿದ್ದ ಕುರ್ಚಿಯನ್ನೆತ್ತಿ ನಿಲ್ಲಿಸಿ, ಮೆಲ್ಲಗೆ ಕೂತರು. ಅವರ ಮುಖದಲ್ಲಿ ನಾಚಿಕೆಯೂ ಇನ್ನೇನೋ ಒಂದೂ ಒಟ್ಟಿಗೆ ಬರುತ್ತಿದ್ದವು.

"ಕೆಳಗಿನ ಮನೆ ಆಡಿಟರ್ ಇದ್ರಲ್ಲ, ಅವರ ಡಿಸ್ಕು," ಎಂದರು. "ಬಹಳ ವರ್ಷ ಆಯ್ತು. ಸಾಯ್ತಿತ್ತು. ಪಾಪ ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ರು, ನಾನು ಮೈಕ್ ಹಿಡಿದಿದ್ದೆ."

"ಅವರು ಬೈಲಿಲ್ವಾ?"

"ಬೈದ್ರು. ಅದೂ ರೆಕಾರ್ಡ್ ಆಗಿದೆ, ಇದಾದ್ಮೇಲೆ ಬರುತ್ತೆ."

ಬಂತು. ಆಡಿಟರು ಬೈದದ್ದನ್ನು ಮನೆಯವರೆಲ್ಲ ಕೊನೆಯವರೆಗೆ ಕೇಳಿದರು. ಅತ್ತೆ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಕಿವಿಯಣ್ಣನಂತೆ ಕಿವಿಯಣ್ಣ," ಎಂದರು. "ಸ್ಪೀಕರ್ ಯಾವುದು ಡಿಸ್ಕ್ ಯಾವುದು ಗೊತ್ತಾಗಲ್ಲ."

"ಅದರ ಅರ್ಥ ಏನು ಹೇಳು?" ಎಂದರು ಮಾವ. ನಾಚಿಕೆ ಹೋಗಿ ಇನ್ನೊಂದೇ ಉಳಿದಿತ್ತು ಈಗ. "ನನ್ನಂಥೋನೇ ಮೋಸ ಹೋಗೋ ಹಾಗೆ ರೆಕಾರ್ಡ್ ಮಾಡಿದೀನಿ ಅಂತ ಅರ್ಥ."

ಮಗ ಅಲ್ಲೇ ನಿಂತಿದ್ದ. "ಹಾಗಾದ್ರೆ ಡಿಸ್ಕ್ ಏನೂ ಕೆಟ್ಟಿಲ್ಲ?"

"ಇಲ್ಲ."

"ಮತ್ತೆ ಈ ಪೆಟ್ಟಿಗೆ ಯಾಕೆ? ವಾಪಸ್ ಕೊಟ್ಬಿಡಿ."

ಒಂದು ಕ್ಷಣ ಎಲ್ಲರೂ ಮೇಜಿನ ಕೆಳಗೆ ನೋಡಿದರು. ಪೆಟ್ಟಿಗೆ ತನ್ನ ಪಾಡಿಗೆ ಮಿಣುಕುತ್ತಿತ್ತು. ಎರಡನೇ ಖಾನೆಯ ದೀಪವೂ ಹೊತ್ತಿ, ಮೊದಲನೆಯದರಿಂದ ನಕಲು ಇಳಿಯುತ್ತಿತ್ತು.

"ಅತ್ತೆ ನಡಿಗೆ ಇವತ್ತು ಬೆಳಿಗ್ಗೆ ತನಕ ಒಂದೇ ಕಡೆ ಇತ್ತು," ಎಂದಳು ಸೊಸೆ. "ಸದ್ದು ಸುಳ್ಳು. ಒಂದೇ ಕಡೆ ಇದ್ದದ್ದು ಸುಳ್ಳಲ್ಲ."

ಮಗ ಹೆಂಡತಿಯನ್ನು ನೋಡಿದ, ಅಪ್ಪನನ್ನು ನೋಡಿದ. "ಇರ್ಲಿ ಬಿಡಿ," ಎಂದು ಹಲ್ಲುಜ್ಜಲು ಹೋದ.

ಸೊಸೆ ಸ್ಪೀಕರನ್ನು ನೆಟ್ಟಗೆ ನಿಲ್ಲಿಸಿ ಮೇಜಿನ ಅಂಚಿಗೆ ಸರಿಸಿದಳು. ಸ್ಪೀಕರಿನೊಳಗೆ ಆಯಸ್ಕಾಂತವಿರುತ್ತದೆ, ಡಿಸ್ಕನ್ನು ಅದರ ಮೇಲಿಡುವುದು ಬೇಡ ಎಂದು ಅತ್ತೆಗೆ ಹೇಳಿದಳು. ಉಳಿದ ನಾಲ್ಕು ಡಿಸ್ಕುಗಳನ್ನು ದಿನಕ್ಕೊಂದರಂತೆ ಇಳಿಸಿಕೊಳ್ಳುವುದು, ಎಲ್ಲದರ ಮೂರನೇ ಪ್ರತಿಯೊಂದನ್ನು ತನ್ನ ಔಷಧಿ ಅಂಗಡಿಯ ಬೀರುವಿನಲ್ಲಿಡುವುದು ಎಂದೂ ಹೇಳಿದಳು. ಮಾವ ಎಲ್ಲದಕ್ಕೂ ಹೂಂ ಎಂದರು. ಅವರ ಗಮನ ಅಲ್ಲಿರಲಿಲ್ಲ. ಮರದ ಮೆಟ್ಟಿಲಿನ ನಡಿಗೆಯನ್ನು ಸಣ್ಣ ದನಿಯಲ್ಲಿ ಇನ್ನೊಮ್ಮೆ ಹಾಕಿ ಕೇಳುತ್ತಿದ್ದರು. ಅದು ಮುಗಿಯುವ ಹೊತ್ತಿಗೆ ಅತ್ತೆ ಖಾಲಿ ಲೋಟ, ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟಿದ್ದರು. ಎಡಗಾಲು, ಚೂರು ತಡೆದು ಬಲಗಾಲು.

"ಏ, ಇವಳೇ."

"ಏನು?"

"ನಾಳೆ ಬೆಳಿಗ್ಗೆ ಸ್ವಲ್ಪ ನಡೀತೀಯಾ?"

ಅತ್ತೆ ತಿರುಗಿ ನಿಂತರು. "ಯಾಕೆ? ಹಳೇದು ಸಿಕ್ತಲ್ಲ."

"ಸಿಕ್ತು. ಅದಕ್ಕೇ ಕೇಳ್ತಿದೀನಿ."

ಅತ್ತೆ ಲೋಟವನ್ನು ತಟ್ಟೆಯ ಮೇಲಿಟ್ಟು, ಗಂಡನನ್ನು ಒಮ್ಮೆ ಚೆನ್ನಾಗಿ ನೋಡಿದರು. "ಕೂಲಿ?" ಎಂದು ಕೇಳಿದರು.

"ಒಂದು ಲೋಟ ಕಾಫಿ. ನಾನೇ ಮಾಡ್ತೀನಿ."

"ಬೇಡ ಬೇಡ. ಕೂಲಿ ಇಲ್ದೇ ನಡೀತೀನಿ," ಎಂದು ಅತ್ತೆ ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಮಾವ ಅಟ್ಟದಿಂದ ಮೂರು ಮೆಟ್ಟಿಲಿನ ಮರದ ಏಣಿ ಇಳಿಸಿ, ಧೂಳು ಒರೆಸಿ, ಕೋಣೆಯ ನಡುವೆ ಇಟ್ಟರು. ಪಾಳಿ ಮುಗಿಸಿ ಬಂದು ಮಲಗಿದ್ದ ಮಗನ ಗೊರಕೆ ಕೇಳದಂತೆ ಅವನ ಬಾಗಿಲಿಗೆ ಕಂಬಳಿ ಸಿಕ್ಕಿಸಿದರು. ಪೆಟ್ಟಿಗೆಯನ್ನು ಆರಿಸಲಿಲ್ಲ. ಅತ್ತೆ ಏಣಿ ಹತ್ತಿ ಇಳಿದರು, ಹತ್ತಿ ಇಳಿದರು. ಸೊಸೆ ಬಿದ್ದಾರೆಂದು ಕೈ ಚಾಚಿ ನಿಂತಿದ್ದಳು. "ಇನ್ನೊಂದ್ಸಲ," ಎಂದು ಮಾವ ಹೆಡ್‌ಫೋನಿನೊಳಗಿಂದ ಕೂಗಿದಾಗಲೆಲ್ಲ ಅತ್ತೆ, "ನೀವು ಹತ್ತಿ ನೋಡ್ರೀ, ಪೋಸ್ಟ್‌ಮ್ಯಾನ್," ಎನ್ನುತ್ತಿದ್ದರು. ಅದಕ್ಕೇ ಒಳ್ಳೆಯ ರೆಕಾರ್ಡಿಂಗು ಸಿಗಲು ತಡವಾಯಿತು.

ಮಾವ ಆ ನಡಿಗೆಗೆ ದಿನಾಂಕ ಹಾಕಿ ಮೊದಲ ಖಾನೆಯಲ್ಲಿಟ್ಟರು. ರಾತ್ರಿ ಕಂಪ್ಯೂಟರು ಅದನ್ನು ಎರಡನೆಯದಕ್ಕೂ ಇಳಿಸಿತು. ಫ್ಯಾನಿನ ಸದ್ದು ಅದರಲ್ಲಿ ಕೇಳಿಸುವುದಿಲ್ಲ.

ಬುಧವಾರ ಮಾವ ನಿರ್ದೇಶಕಿಗೆ ಎರಡೂ ನಡಿಗೆಗಳನ್ನು ಕಳುಹಿಸಿದರು. ಆಕೆ ಎರಡನ್ನೂ ತೆಗೆದುಕೊಂಡರು, ಹಳೆಯದನ್ನು ಮಗಳ ಪಾತ್ರಕ್ಕೆ, ಹೊಸದನ್ನು ತಾಯಿಯ ಪಾತ್ರಕ್ಕೆ. ಧಾರಾವಾಹಿಯ ಎರಡನೇ ಕಂತಿನಲ್ಲಿ ತಾಯಿ, ಮಗಳು ಇಬ್ಬರೂ ಒಟ್ಟಿಗೆ ಮರದ ಮೆಟ್ಟಿಲು ಹತ್ತುತ್ತಾರೆ. ಮುಂದೆ ಹೋಗುವವಳು ತಾಯಿ.